ಜೆಸಿಬಿ ಕರೆಸೋ ಮುಂಚೆ ಟೇಪು ಹಿಡೀರಿ

ಸೈಟು ರಿಜಿಸ್ಟ್ರೇಷನ್ ಆದಮೇಲೆ ನಮ್ಮಲ್ಲಿ ಮೊದಲು ಬರೋದು ಇಂಜಿನಿಯರ್ ಅಲ್ಲ, ಜೆಸಿಬಿ. ‘ಕ್ಲೀನ್ ಮಾಡಿಸಿಬಿಡಿ ಸರ್’ ಅಂತಾರೆ ಮೇಸ್ತ್ರಿ. ಅರ್ಧ ದಿನದಲ್ಲಿ ಮಾವು, ಹೊಂಗೆ ಎಲ್ಲ ಹೋಗುತ್ತೆ. ಆಮೇಲೆ ಗೃಹಪ್ರವೇಶಕ್ಕೆ ಕುಂಡದಲ್ಲಿ ಗಿಡ ತಂದು ಇಡ್ತೀವಿ!

ವೈಟ್‌ಫೀಲ್ಡ್ ಹೀಗೆ ಶುರುವಾಗಿದ್ದಲ್ಲ. 1882ರಲ್ಲಿ ಹತ್ತನೇ ಚಾಮರಾಜ ಒಡೆಯರ್ ಕೊಟ್ಟ ಜಮೀನಿನಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳು ನೆಲೆಸಿದವು. ಇನ್ನರ್ ಸರ್ಕಲ್‌ನ ಹಳೇ ಮನೆಗಳಿಗೆ ದೊಡ್ಡ ಕಾಂಪೌಂಡು, ಅದರೊಳಗೆ ಮರಗಳು. ಅಷ್ಟು ಜಾಗ ನಮಗೆಲ್ಲಿ ಅಂತೀರಾ? ಸರಿ, 30×40 ಸೈಟನ್ನೇ ತಗೊಳ್ಳೋಣ.

ಅದರಲ್ಲಿ 10×10 ಅಡಿಯ ತೊಟ್ಟಿ ಬಿಟ್ಟರೆ ಒಂದು ಚಿಕ್ಕ ರೂಮು ಹೋಯಿತು, ನಿಜ. ಆದರೆ ಮೂರು ಕಡೆ ಪಕ್ಕದವರ ಗೋಡೆ ಎದ್ದಮೇಲೆ ಕಿಟಕಿ ತೆರೆದು ನೋಡೋದೇನು? ತೊಟ್ಟಿಯಿಂದ ನಡುಮನೆಗೂ ಅಡುಗೆಮನೆಗೂ ಬೆಳಕು ಬರುತ್ತೆ, ಬಿಸಿಗಾಳಿ ಮೇಲೆ ಹೋಗುತ್ತೆ. ಬೆಂಗಳೂರಿನ ಮಳೆ ಲೆಕ್ಕದಲ್ಲಿ ಅಷ್ಟೇ ಜಾಗಕ್ಕೆ ವರ್ಷಕ್ಕೆ ಸುಮಾರು 9,000 ಲೀಟರ್ ನೀರು ಬೀಳುತ್ತೆ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದವರಿಗೆ ಇದರ ಬೆಲೆ ಗೊತ್ತು. ಚಾರ್ಲ್ಸ್ ಕೊರಿಯಾ 1980ರ ದಶಕದಲ್ಲಿ ಕೋರಮಂಗಲದಲ್ಲಿ ತಮಗಾಗಿ ಕಟ್ಟಿಕೊಂಡ ಮನೆಯ ನಡುವೆಯೂ ತೆರೆದ ಅಂಗಳವೇ ಇದೆ.

ಪ್ಲಾನ್ ಬರೆಸೋ ಮುಂಚೆ ಇಷ್ಟು ಮಾಡಿ:

• ಮರದ ಬುಡ ಎಲ್ಲಿದೆ, ಕೊಂಬೆ ಎಷ್ಟು ದೂರ ಹರಡಿದೆ ಅಂತ ಅಳೆದು ನಕ್ಷೆಯಲ್ಲಿ ಗುರುತು ಹಾಕಿಸಿ. ಬೇರು ಅದಕ್ಕಿಂತಲೂ ದೂರ ಹೋಗಿರುತ್ತೆ.

• ಮರ ಮೂಲೆಯಲ್ಲಿದ್ದರೆ ಆ ಕಡೆ ಹೆಚ್ಚು ಜಾಗ ಬಿಡಿ. ಸೀಬೆ, ನೆಲ್ಲಿಯಂಥ ಚಿಕ್ಕ ಮರ ನಡುವೆ ಇದ್ದರೆ ಅಲ್ಲೇ ತೊಟ್ಟಿ ಮಾಡಿ.

• ಬೇರಿನ ಕಡೆ ಉದ್ದಕ್ಕೂ ಪಾಯ ತೋಡಿಸಬೇಡಿ. ಪಿಲ್ಲರ್ ಹಾಕಿ ಮೇಲೆ ಬೀಮ್ ಕೊಡೋಕೆ ಆಗುತ್ತಾ ಅಂತ ಇಂಜಿನಿಯರ್‌ನ ಕೇಳಿ.

• ಬುಡಕ್ಕೆ ಮಣ್ಣು ಏರಿಸಬೇಡಿ, ಸಿಮೆಂಟ್ ತೊಳೆದ ನೀರು ಸುರಿಯೋಕೆ ಬಿಡಬೇಡಿ.

• ತೆಂಗಿನಮರದ ಕೆಳಗೆ ಕಾರ್ ಪಾರ್ಕಿಂಗ್ ಬೇಡ!

ಎಲ್ಲ ಮರವೂ ಉಳಿಯಲ್ಲ. ಗೋಡೆಗೆ ಅಂಟಿಕೊಂಡ ಆಲ, ಅರಳಿ ಜೊತೆ ಸಂಸಾರ ಕಷ್ಟ. ಕಡಿಯಲೇಬೇಕು ಅಂದರೆ, ಸ್ವಂತ ಸೈಟಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ಕೆಲವು ಜಾತಿಗಳಿಗಷ್ಟೇ ವಿನಾಯಿತಿ.

ಕಾಗದದ ಮೇಲೆ ಗೋಡೆ ಮೂರಡಿ ಸರಿಸೋಕೆ ಒಂದು ಸಂಜೆ ಸಾಕು. ಇಪ್ಪತ್ತು ವರ್ಷದ ಮಾವಿಗೆ ಇಪ್ಪತ್ತು ವರ್ಷವೇ ಬೇಕು. ಈ ಭಾನುವಾರ ಸೈಟಿಗೆ ಹೋಗುವಾಗ ಟೇಪು ಮರೀಬೇಡಿ.