ಸಾಫ್ಟ್‌ವೇರ್ ಹಳೆಯದಾಗಲಿ, ಲೆಕ್ಕ ಕಳೆಯದಿರಲಿ

ಕೆಂಪು ಬಟ್ಟೆಯ ಖಾತೆವಹಿಯನ್ನು ಮೂವತ್ತು ವರ್ಷದ ನಂತರವೂ ಬಿಚ್ಚಿ ಓದಬಹುದು. ಆದರೆ ನಮ್ಮ ದೇವರ ಹಿಪ್ಪರಗಿಯ ಅಂಗಡಿಯೊಂದಕ್ಕೆ ಹೊಸ ಕಂಪ್ಯೂಟರ್ ಬಂದು, ಹಳೆಯ ಲೆಕ್ಕದ ಸಾಫ್ಟ್‌ವೇರ್ ಅದರಲ್ಲಿ ತೆರೆಯದಿದ್ದರೆ, ಇಷ್ಟು ವರ್ಷದ ಉದ್ರಿ-ಜಮೆ ಕೈಗೆ ಸಿಗುವುದಿಲ್ಲ. ಆಗ ಸಿಗುವ ಸಲಹೆ ಒಂದೇ: “ಹಳೇದು ಬಿಡ್ರಿ, ಹೊಸಾದು ಹಾಕ್ರಿ.” ವಾಣಿಜ್ಯ ವಿದ್ಯಾರ್ಥಿಗಳಾದ ನಾವು ಇದನ್ನು ಒಪ್ಪಬಾರದು.

ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನ ಪ್ರಕಾರ, ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಕಾಯ್ದಿಡಬೇಕು. ಕಂಪನಿಗಳಾದರೆ 2013ರ ಕಾಯ್ದೆಯಂತೆ 8 ವರ್ಷ. ಕಂಪ್ಯೂಟರ್ ಬದಲಿಸಿದೆವು ಎಂದರೆ ಕಾನೂನು ಕೇಳುವುದಿಲ್ಲ.

ಸಾಫ್ಟ್‌ವೇರ್ ತೆರೆಯದಿರಲು ಸಾಮಾನ್ಯ ಕಾರಣಗಳು ಕೆಲವೇ. 1986ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಟ್ಯಾಲಿಯ ಮೊದಲ ಆವೃತ್ತಿಗಳಂತೆ ಡಾಸ್ ಕಾಲದ ಪ್ರೋಗ್ರಾಂಗಳು 16-ಬಿಟ್‌ನವು. 64-ಬಿಟ್ ವಿಂಡೋಸ್ ಅವನ್ನು ನೇರವಾಗಿ ಓಡಿಸುವುದಿಲ್ಲ. ಅವನ್ನು ಡಾಸ್‌ಬಾಕ್ಸ್ ಎಂಬ ಉಚಿತ ಪ್ರೋಗ್ರಾಂನಲ್ಲಿ ಓಡಿಸಿ ನೋಡಬಹುದು. ನಂತರದ ಕಾಲದವು ಕೆಲವೊಮ್ಮೆ ಡಾಟ್‌ನೆಟ್ 3.5 ಇಲ್ಲದೆ ನಿಲ್ಲುತ್ತವೆ. ವಿಂಡೋಸ್ ಫೀಚರ್ಸ್‌ನಲ್ಲಿ ಅದನ್ನು ಆನ್ ಮಾಡಬಹುದು. ಇನ್ನು ಕೆಲವು ತಮ್ಮದೇ ಫೋಲ್ಡರಿನಲ್ಲಿ ಬರೆಯಲು ಅನುಮತಿ ಸಿಗದೆ ನಿಲ್ಲುತ್ತವೆ. ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿ ಪುಟದಲ್ಲಿ ಹಳೆಯ ವಿಂಡೋಸ್ ಆರಿಸಿ, ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ ನೋಡಬೇಕು.

ಇವೆಲ್ಲಕ್ಕೂ ಮೊದಲು ಮಾಡುವ ಕೆಲಸ ಒಂದಿದೆ: ಡೇಟಾ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡುವುದು. ಅಲ್ಲಿಯವರೆಗೆ ಹಳೆಯ ಕಂಪ್ಯೂಟರನ್ನು ಯಾರೂ ಫಾರ್ಮ್ಯಾಟ್ ಮಾಡಬಾರದು, ಮಾರಲೂಬಾರದು.

ಹಾಗೆಂದು ಹಳೆಯದನ್ನೇ ಹಿಡಿದುಕೊಂಡು ಕೂಡಬೇಕು ಎಂದು ನಾನು ಹೇಳುತ್ತಿಲ್ಲ. ಅದನ್ನು ಒಮ್ಮೆ ತೆರೆದು, ಲೆಡ್ಜರ್, ತಾಳೆಪಟ್ಟಿ ಮತ್ತು ದಾಸ್ತಾನು ವಿವರಗಳನ್ನು ಎಕ್ಸೆಲ್ ಮತ್ತು ಪಿಡಿಎಫ್ ರೂಪದಲ್ಲಿ ಹೊರತೆಗೆದರೆ ಸಾಕು. ಆಮೇಲೆ ಹೊಸ ಸಾಫ್ಟ್‌ವೇರಿಗೆ ಹೋಗಬಹುದು. ಹಳೆಯ ಅಂತಿಮ ಶಿಲ್ಕೂ ಹೊಸ ಆರಂಭಿಕ ಶಿಲ್ಕೂ ತಾಳೆಯಾದರೆ ಮಾತ್ರ ಕೆಲಸ ಮುಗಿದಂತೆ.

ತಾಳೆಪಟ್ಟಿ ಹಾಕುವುದನ್ನು ನಾವು ತರಗತಿಯಲ್ಲಿ ಕಲಿಯುತ್ತೇವೆ; ಅದನ್ನು ಕಾಯುವುದನ್ನೂ ಕಲಿಯಬೇಕು. ಪ್ರತಿ ಮಾರ್ಚ್ 31ಕ್ಕೆ ಮೊದಲು ನಮ್ಮ ಲ್ಯಾಬಿನಲ್ಲಿ ಒಂದು ಅವಧಿಯನ್ನು ಇದಕ್ಕೆ ಕೊಡಿ ಎಂದು ಉಪನ್ಯಾಸಕರಲ್ಲಿ ವಿನಂತಿ. ಕಲಿತದ್ದನ್ನು ಅಂದೇ ಸಂಜೆ ಮನೆಯ ಅಂಗಡಿಯಲ್ಲಿ ಮಾಡಿ ನೋಡಬಹುದು.