ಹ್ಯಾಂಡಲ್ ಬಿಟ್ಟ ಹೀರೋಗಳಿಗೆ ಎರಡು ಮಾತು



ತೆರೆಯ ಮೇಲೆ ಸೈಕಲ್ ಬಂತೆಂದರೆ ಗಾಂಧಿಕ್ಲಾಸಿನಲ್ಲಿ ಸಿಳ್ಳೆ ಖಾತ್ರಿ. 1992ರ ಹಿಂದಿ ಚಿತ್ರ 'ಜೋ ಜೀತಾ ವಹೀ ಸಿಕಂದರ್' ನೋಡಿದವರಿಗೆ ಗೊತ್ತು. ಕಡೇ ರೀಲಿನ ರೇಸಿನಲ್ಲಿ ಅಮೀರ್ ಖಾನ್ ಪೆಡಲ್ ತುಳಿದರೆ ಕುರ್ಚಿಯಲ್ಲಿ ಕೂತವರ ಕಾಲೂ ತುಳಿಯುತ್ತಿತ್ತು! ತಪ್ಪೇನಿಲ್ಲ. ಆದರೆ ಆಟ ಬಿಟ್ಟ ಮೇಲೆ ನಡೆಯೋದೇ ಬೇರೆ ಕಥೆ. ಹ್ಯಾಂಡಲ್ ಬಿಟ್ಟು, ಎರಡೂ ಕೈಯಲ್ಲಿ ಕ್ರಾಪು ತೀಡುತ್ತಾ ಬಸ್ಸಿನ ಮುಂದೆಯೇ ಸಾಗುವ ಮರಿ ಹೀರೋಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಅಲ್ಲಯ್ಯಾ ಗುರುವೇ, ಶೂಟಿಂಗ್‌ನಲ್ಲಿ ಬಿದ್ದರೆ ಡೈರೆಕ್ಟರು 'ಕಟ್' ಅಂತಾರೆ, ಇನ್ನೊಂದು ಟೇಕ್ ತಗೋತಾರೆ. ರಸ್ತೆಯಲ್ಲಿ ರೀಟೇಕ್ ಎಲ್ಲಿದೆ?

ಧೈರ್ಯ ಬೇಡ ಅಂತ ನಾನು ಹೇಳ್ತಿಲ್ಲ. ಅದು ಎಲ್ಲಿಂದ ಬರಬೇಕು ಅನ್ನೋದೇ ಪ್ರಶ್ನೆ. ನಮ್ಮ ಕಾಲದವರು ಕಲಿತದ್ದು ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲಿನಲ್ಲಿ. ಸೀಟಿನಿಂದ ಪೆಡಲಿಗೆ ಕಾಲು ಎಟುಕದು. ಬಾರಿನ ಕೆಳಗೆ ಕಾಲು ತೂರಿಸಿ ಮೊದಲು ಒಳಪೆಡಲು, ಆಮೇಲೆ ಬಾರಿನ ಮೇಲೆ, ಕಡೆಗೆ ಸೀಟು. ಒಂದೊಂದು ಮೆಟ್ಟಿಲಿಗೂ ಮೊಣಕಾಲಿನ ಚರ್ಮವೇ ಫೀಜು!

ಒಂದು ಸ್ವಾರಸ್ಯ ಕೇಳಿ. ವಿಮಾನ ಹಾರಿಸಿದ ರೈಟ್ ಸೋದರರು ಮೊದಲು ಸೈಕಲ್ ಅಂಗಡಿಯವರು. ಅವರಲ್ಲಿ ವಿಲ್ಬರ್ ರೈಟ್ ಹಲವು ಸವಾರರನ್ನು ಕೇಳಿ ನೋಡಿದ: ಎಡಕ್ಕೆ ಹೇಗೆ ತಿರುಗ್ತೀರಿ? ಹ್ಯಾಂಡಲ್ ಎಡಕ್ಕೆ ತಿರುಗಿಸ್ತೀವಿ ಅಂದರು ಹೆಚ್ಚುಕಡಿಮೆ ಎಲ್ಲರೂ. ನಿಜವಾಗಿ ಆಗೋದೇ ಬೇರೆ. ಸವಾರ ಮೊದಲು ಕೂದಲೆಳೆಯಷ್ಟು ಬಲಕ್ಕೆ ತಿರುಗಿಸುತ್ತಾನೆ, ಸೈಕಲ್ ಎಡಕ್ಕೆ ವಾಲುತ್ತದೆ, ಆಮೇಲೆ ಎಡಕ್ಕೆ ಹೊರಳುತ್ತದೆ. ದಿನಾ ಮಾಡುವವನಿಗೇ ತಾನು ಮಾಡೋದು ಗೊತ್ತಿಲ್ಲ! ತಲೆಗೆ ತಿಳಿಯದ್ದನ್ನು ಮೈ ಕಲಿತಿರುತ್ತದೆ. ಆ ಮೈ ಸಿನಿಮಾ ನೋಡಿ ಕಲಿಯೋದಿಲ್ಲ, ಮಾಡಿ ಮಾಡಿಯೇ ಕಲಿಯಬೇಕು.

ವೇಗವೇ ಗಂಡಸುತನ ಅಂದುಕೊಂಡವರು ಊರ ಹಬ್ಬದ ಸ್ಲೋ ಸೈಕಲ್ ರೇಸಿಗೆ ಬನ್ನಿ. ಕಾಲು ನೆಲಕ್ಕೆ ತಾಗಿಸದೆ ಎಲ್ಲರಿಗಿಂತ ಕೊನೆಗೆ ಗೆರೆ ಮುಟ್ಟಿದವನೇ ಅಲ್ಲಿ ಶೂರ. ಓಡುವ ಸೈಕಲ್ ವಾಲಿದರೆ ಹ್ಯಾಂಡಲ್ಲಿನ ಸಣ್ಣ ತಿರುವಿಗೇ ಮತ್ತೆ ನೇರವಾಗುತ್ತದೆ. ತೆವಳುವ ಸೈಕಲ್ಲಿಗೆ ಅದು ಸಾಲದು, ಸವಾರನೇ ಎಲ್ಲಾ ಸಂಭಾಳಿಸಬೇಕು. ಕೈ ಪಳಗಿದೆಯೋ ಇಲ್ಲವೋ ಅಲ್ಲಿ ಬಯಲಾಗುತ್ತದೆ.

ರಸ್ತೆಗೆ ಇಳಿಯುವ ಮೊದಲು ಖಾಲಿ ಮೈದಾನದಲ್ಲಿ ಮೂರು ಪರೀಕ್ಷೆ ಪಾಸು ಮಾಡಿ. ಒಂದು, ಹೇಳಿದ ಜಾಗದಲ್ಲಿ ಎರಡೂ ಬ್ರೇಕ್ ಹಿಡಿದು ನಿಲ್ಲೋದು. ಮುಂದಿನದಕ್ಕೆ ಶಕ್ತಿ ಹೆಚ್ಚು, ಆದರೆ ಮರಳಿನ ತಿರುವಿನಲ್ಲಿ ಅದೇ ಕೆಡವುತ್ತದೆ. ಸ್ಟೀಲ್ ರಿಮ್ ಮಳೆಯಲ್ಲಿ ನೆನೆದರೆ ಬ್ರೇಕ್ ಹಿಡಿಯೋದೂ ತಡ. ಎರಡು, ಹಿಂದೆ ತಿರುಗಿ ನೋಡಿದರೂ ಸೈಕಲ್ ಗೆರೆ ತಪ್ಪದಿರೋದು. ಮೂರು, ಒಂದು ಕೈ ಚಾಚಿ ಸನ್ನೆ ಮಾಡಿದರೂ ಅಲುಗಾಡದಿರೋದು. ಇನ್ನೊಂದು ಮಾತು, ಎಡಕ್ಕೆ ತಿರುಗುವ ಬಸ್ಸಿನ ಎಡಗಡೆ ಮಾತ್ರ ನುಗ್ಗಬೇಡ ತಮ್ಮಾ. ಡ್ರೈವರಿಗೆ ನೀನು ಕಾಣೋದೇ ಇಲ್ಲ.

ನಿಜವಾದ ಧೈರ್ಯ ನೋಡಬೇಕೇ? 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಹಳ್ಳಿಯ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ಸೈಕಲ್ ಕಲಿತರು. ಗೇಲಿ ಮಾಡಿದವರ ಎದುರೇ ಕಲಿತರು. ಆಮೇಲೆ ಕ್ಯಾರಿಯರಿನಲ್ಲಿ ನೀರಿನ ಕೊಡ, ಮುಂದೆ ಮಗು ಕೂರಿಸಿಕೊಂಡು ಹೊರಟರು. ಬಸ್ಸಿಗೆ ಕಾಯೋದು ತಪ್ಪಿತು, ಅಪ್ಪನನ್ನೋ ಗಂಡನನ್ನೋ ಕಾಯೋದೂ ತಪ್ಪಿತು.

ಅವರಿಗೆ ಸಿಳ್ಳೆ ಹೊಡೆಯಲು ಯಾರೂ ಇರಲಿಲ್ಲ. ನಿಮ್ಮ ಮನೆಯಲ್ಲೂ ತಂಗಿಯೊಬ್ಬಳು ಸೈಕಲ್ ಕಡೆ ಆಸೆಯಿಂದ ನೋಡುತ್ತಿರಬಹುದು. ಈ ಭಾನುವಾರ ಮ್ಯಾಟಿನಿ ಒಂದು ಬಿಡಿ, ಅವಳ ಸೈಕಲ್ಲಿನ ಹಿಂದೆ ಓಡಿ. ಆ ಪಾತ್ರ ಮಾಡಿದವನೇ ನನ್ನ ಲೆಕ್ಕದಲ್ಲಿ ಹೀರೋ.

ಮುಂದಿನ ವಾರ ಸಿಗೋಣ. ಅಲ್ಲಿಯವರೆಗೆ ಹ್ಯಾಂಡಲ್ ಭದ್ರ!