ನದಿಗೆ ಆತುರವಿಲ್ಲ

ನಿವೃತ್ತರಾದ ಹಿರಿಯ ಮಿತ್ರರೊಬ್ಬರು ಮೊನ್ನೆ ಒಂದು ಪಟ್ಟಿಯೊಡನೆ ಬಂದರು. ಬಹುಕಾಲ ಕೂಡಿಟ್ಟ ಹಣದಲ್ಲಿ ಪತ್ನೀಸಮೇತ ಫ್ರಾನ್ಸಿನ ಸೇನ್ ನದಿಯ ಮೇಲೆ ಹಡಗಿನ ಯಾತ್ರೆ: 7 ದಿನ, 14 ಊರು! ಆ ತಾಯಿಗೋ ಮೊಣಕಾಲು ನೋವು.

"ಹೇಗಿದೆ, ಮೇಷ್ಟ್ರೇ?"

"ಎಲ್ಲವೂ ಇದೆ, ಸ್ವಾಮಿ. ನದಿಯೊಂದೇ ಕಾಣಲಿಲ್ಲ," ಎಂದೆ.

ಪ್ಯಾರಿಸ್ಸಿನಿಂದ ರೂಆನ್ ನಗರಕ್ಕೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ನದಿಯಾದರೋ ಬಳುಕುತ್ತ ಸುಮಾರು 240 ಕಿಲೋಮೀಟರು ಸಾಗುತ್ತದೆ. ಅಲ್ಲಲ್ಲಿ ಜಲದ್ವಾರಗಳೊಳಗೆ ಹಡಗು ನಿಂತು, ನೀರು ತಗ್ಗುವವರೆಗೆ ಕಾಯಬೇಕು. ಆತುರವುಳ್ಳವರಿಗೆ ರೈಲೇ ಲೇಸು.

ವೆರ್ನೋನಿನಲ್ಲಿ ಇಳಿದರೆ ಸಮೀಪದಲ್ಲೇ ಜಿವೆರ್ನಿ. ಚಿತ್ರಕಾರ ಮೋನೆ 1883ರಿಂದ 1926ರಲ್ಲಿ ತೀರಿಕೊಳ್ಳುವವರೆಗೆ ಬಾಳಿದ ಊರು. ಅವನ ತೋಟದ ಬಾಗಿಲು ಚಳಿಗಾಲದಲ್ಲಿ ಮುಚ್ಚಿರುತ್ತದೆ. ಆದುದರಿಂದ ಮೊದಲು ತಿಂಗಳನ್ನು ಆರಿಸಿ, ಬಳಿಕ ಹಡಗನ್ನು. ಲೆಜಾಂದೆಲಿಯ ಬಂಡೆಯ ಮೇಲೆ ಇಂಗ್ಲೆಂಡಿನ ದೊರೆ ರಿಚರ್ಡ್ 1196ರಲ್ಲಿ ಕಟ್ಟಿಸತೊಡಗಿದ ಕೋಟೆಯ ಅವಶೇಷವುಂಟು. ಅದನ್ನು ಹತ್ತದೆಯೂ ಹಡಗಿನಿಂದಲೇ ಕಣ್ತುಂಬ ಕಾಣಬಹುದು. 1431ರಲ್ಲಿ ಜೋನ್ ಆಫ್ ಆರ್ಕಳನ್ನು ಸುಟ್ಟ ರೂಆನಿಗೆ ಒಂದು ಪೂರ್ಣ ದಿನವಿರಲಿ.

ಇನ್ನೊಂದು ಮಾತು. 2018ರ ಜನವರಿಯಲ್ಲಿ ಸೇನ್ ಉಕ್ಕಿದಾಗ ಪ್ಯಾರಿಸ್ಸಿನ ಸೇತುವೆಗಳಡಿಯಲ್ಲಿ ಹಡಗುಗಳಿಗೆ ದಾರಿಯೇ ಇರಲಿಲ್ಲ. ಹಿಂದಿರುಗುವ ವಿಮಾನಕ್ಕೆ ಮುನ್ನ ಎರಡು ದಿನ ಬಿಡುವಿಟ್ಟುಕೊಳ್ಳುವುದು ವಿವೇಕ.

ಮರುದಿನ ಪಟ್ಟಿಯಲ್ಲಿ 4 ಊರುಗಳಷ್ಟೇ ಉಳಿದಿದ್ದವು. "ಈಗ ನಾನೂ ಬರಬಲ್ಲೆ ಎನ್ನುತ್ತಿದ್ದಾಳೆ," ಎಂದರು ಮಿತ್ರರು. ಅಲ್ಲಿಯವರೆಗೆ ಆಕೆಯನ್ನು ಯಾರೂ ಕೇಳಿರಲಿಲ್ಲವೆಂಬುದು ನನಗೆ ಆಗ ಹೊಳೆಯಿತು.